ಮಣ್ಣಲ್ಲಿ ಆಡೋ ಮಕ್ಕಳಿಗೆ ಯಾವುದು: ಹಳೇ ಬಟ್ಟೆ, ವಾಟರ್‌ಪ್ರೂಫ್ ಸೂಟ್, ಬರೀ ಚಡ್ಡಿ?

ಮಗು ಮಣ್ಣಿಗೆ ಇಳಿಯೋದನ್ನ ತಡೆಯಬೇಡಿ, ಏನು ಹಾಕಿ ಬಿಡೋದು ಅಂತ ಮಾತ್ರ ಯೋಚಿಸಿ. ಹಳೇ ಬಟ್ಟೆ, ವಾಟರ್‌ಪ್ರೂಫ್ ಸೂಟ್ (ಬಟ್ಟೆ ಮೇಲೆ ಹಾಕೋ, ಮೈಪೂರ್ತಿ ಮುಚ್ಚೋ, ನೀರು ಇಳಿಯದ ಉಡುಪು), ಬರೀ ಚಡ್ಡಿ, ಮೂರೂ ನಡೆಯುತ್ತವೆ.

ಹಳೇ ಬಟ್ಟೆಗೂ ಚಡ್ಡಿಗೂ ಹೊಸದಾಗಿ ದುಡ್ಡು ಬೇಕಿಲ್ಲ. ಸೂಟ್‌ಗೆ ಬೇಕು, ಅದೂ ಹರಿಯೋ ಮೊದಲೇ ಗಿಡ್ಡ ಆಗುತ್ತದೆ.

ನಿಜವಾದ ವ್ಯತ್ಯಾಸ ಇರೋದು ಒಗೆಯೋದರಲ್ಲಿ. ಸೂಟ್ ಮೇಲೆ ಪೈಪಿನಿಂದ ನೀರು ಬಿಟ್ಟು ನೇತು ಹಾಕಿದರೆ ಮುಗಿಯಿತು (ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ, ನೀರು ತಡೆಯೋ ಗುಣ ಹಾಳಾಗುತ್ತದೆ). ಹತ್ತಿ ಬಟ್ಟೆಗೆ ಕೆಲಸ ಜಾಸ್ತಿ. ಹಸಿ ಕೆಸರನ್ನ ಉಜ್ಜಿದರೆ ಎಳೆಯೊಳಗೆ ಇನ್ನಷ್ಟು ಇಳಿಯುತ್ತದೆ, ಅದಕ್ಕೇ ಪೂರ್ತಿ ಒಣಗೋಕೆ ಬಿಟ್ಟು, ಹೊರಗೇ ಕೊಡವಿ, ಬ್ರಷ್ ಆಡಿಸಿ, ಬಟ್ಟೆ ತಿರುವಿ ಹಾಕಿ ಒಳಗಡೆಯಿಂದ ತಣ್ಣೀರು ಹಾಯಿಸಿ, ಆಮೇಲೆ ಅರ್ಧ ಗಂಟೆ ಸೋಪಿನ ಪುಡಿಯಲ್ಲಿ ನೆನೆಸಿ. ಕೆಮ್ಮಣ್ಣಾದರೆ ಬ್ಲೀಚ್ ಬೇಡವೇ ಬೇಡ. ಆ ಕೆಂಪು ಕಬ್ಬಿಣದಂಶದ್ದು, ಕಲೆ ಇನ್ನೂ ಗಟ್ಟಿಯಾಗಿ ಕೂರಬಹುದು.

ಬರೀ ಚಡ್ಡಿಯಾದರೆ ಒಗೆಯೋದೇ ಕಮ್ಮಿ, ಆದರೆ ಮೊಣಕಾಲು ತರಚುತ್ತದೆ, ಬಿಸಿಲು, ಸೊಳ್ಳೆ ಬೇರೆ.

ಚಳಿಗಾಲ, ಜಿಟಿಜಿಟಿ ಮಳೆ ಅಂದ್ರೆ ಸೂಟ್ ಒಳ್ಳೇದು. ಸೆಕೆಯಲ್ಲಿ ಮಗು ಒಳಗೇ ಬೆವೆತು ಹೋಗುತ್ತದೆ. ಈಗಷ್ಟೇ ಡೈಪರ್ ಬಿಟ್ಟ ಮಗುವಿಗೂ ಅದು ಕಷ್ಟ, ಜಿಪ್ ಎಳೆಯೋಷ್ಟರಲ್ಲಿ ಒದ್ದೆ ಮಾಡಿಕೊಂಡಿರುತ್ತದೆ ಅಲ್ವಾ. ದಿನಾ ಆಡೋ ಮಗುವಿಗೆ ಗಾಢ ಬಣ್ಣದ ಎರಡು ಜೊತೆ ಹಳೇ ಬಟ್ಟೆ ಎತ್ತಿಡಿ, ಬಾಗಿಲ ಹೊರಗೆ ಒಂದು ಬಕೆಟ್ ಇರಲಿ. ನೆರಳಿದ್ದು, ಮಣ್ಣಲ್ಲಿ ಕಲ್ಲು, ಗಾಜು ಇಲ್ಲದಿದ್ದರೆ, ನೀವೂ ಪಕ್ಕದಲ್ಲೇ ಇದ್ದರೆ, ಚಡ್ಡಿ ಸಾಕು.