ಟೇಬಲ್ ಸಾ ಯಂತ್ರಕ್ಕೆ ಯಾವ ಗಾರ್ಡ್? ಮೂರನ್ನೂ ಬಳಸಿ ನೋಡಿದ ಮೇಲಿನ ಹೋಲಿಕೆ

ಉಡುಪಿ, ಮಣಿಪಾಲ, ಮಂಗಳೂರಿನ ಸುತ್ತಮುತ್ತ ಮರಗೆಲಸದ ಶೆಡ್ಡುಗಳಿಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮೇಜಿನ ನಡುವಿನಿಂದ ಮೇಲೆದ್ದ ದುಂಡು ಬ್ಲೇಡಿನಿಂದ ಮರ ಸೀಳುವ ಟೇಬಲ್ ಸಾ ಶೆಡ್ಡಿನ ನಡುವೆ ನಿಂತಿರುತ್ತದೆ. ಅದರ ಜೊತೆಗೆ ಬಂದ, ಬ್ಲೇಡನ್ನು ಮುಚ್ಚಿ ಕೈ ಕಾಯಬೇಕಾದ ಗಾರ್ಡ್ ಮಾತ್ರ ಗೋಡೆಯ ಮೊಳೆಯಲ್ಲಿ ಮರದ ಹುಡಿ ಹಿಡಿದು ತೂಗುತ್ತಿರುತ್ತದೆ. ಇದನ್ನು ಕೆಲಸಗಾರರ ಉದಾಸೀನವೆಂದು ಬೈದು ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಕೆಲಸಕ್ಕೆ ಅಡ್ಡ ಬರುವ ಗಾರ್ಡನ್ನು ಎಂಥ ಜಾಗರೂಕ ಆಚಾರಿಯೂ ಒಂದು ದಿನ ಕಳಚಿಯೇ ಕಳಚುತ್ತಾರೆ, ಮತ್ತು ಒಮ್ಮೆ ಕಳಚಿದ್ದು ಹೆಚ್ಚಾಗಿ ಮರಳಿ ಕೂರುವುದಿಲ್ಲ. ಆದ್ದರಿಂದ ಗಾರ್ಡ್ ಕೈಯನ್ನು ಎಷ್ಟು ಚೆನ್ನಾಗಿ ಕಾಯುತ್ತದೆ ಎಂಬುದರ ಜೊತೆಗೆ, ಸಂಜೆ ಶೆಡ್ಡಿನ ಬಾಗಿಲು ಹಾಕುವಾಗಲೂ ಅದು ಯಂತ್ರದ ಮೇಲೆಯೇ ಇದೆಯೇ ಎಂಬುದನ್ನೂ ಅಳೆಯಬೇಕು. ಉಡುಪಿಯ ನಮ್ಮ ಚಿಕ್ಕ ಶೆಡ್ಡಿನಲ್ಲಿ ಅಡುಗೆಮನೆಯ ಕಪಾಟು, ಬಾಗಿಲು ಮತ್ತು ದಾರಂದಗಳ ಕೆಲಸಕ್ಕೆ 10 ಅಂಗುಲದ ಬ್ಲೇಡಿನ ಯಂತ್ರದ ಮೇಲೆ ಮೂರು ಬಗೆಯ ರಕ್ಷಣೆಗಳನ್ನು ಬಳಸಿ ನೋಡಿದ್ದೇನೆ. ಕೆಳಗಿನ ಹೋಲಿಕೆ ಆ ಅಳತೆಗೋಲಿನದು.

ಮೊದಲು ಅಪಾಯ ಎರಡು ಬಗೆಯದು ಎಂಬುದು ಸ್ಪಷ್ಟವಾಗಿರಬೇಕು, ಏಕೆಂದರೆ ಒಂದಕ್ಕೆ ಮದ್ದಾಗುವ ಸಾಧನ ಇನ್ನೊಂದಕ್ಕೆ ಆಗುವುದಿಲ್ಲ. ಒಂದು, ಕೈ ನೇರವಾಗಿ ಬ್ಲೇಡಿಗೆ ತಾಗುವುದು. ಇನ್ನೊಂದು ಕಿಕ್‌ಬ್ಯಾಕ್: ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿನ ಕಡೆಗೆ ಒತ್ತುತ್ತವೆ, ಆದರೆ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏರುತ್ತಿರುತ್ತವೆ. ಸೀಳಿದ ಭಾಗ ಮತ್ತೆ ಮುಚ್ಚಿಕೊಂಡರೆ, ಅಥವಾ ಹಲಗೆ, ಅಳತೆಗೆ ತಕ್ಕಂತೆ ಬ್ಲೇಡಿಗೆ ಸಮಾನಾಂತರವಾಗಿ ಬಿಗಿದ ಒರಗುಪಟ್ಟಿಯಾದ ಫೆನ್ಸ್‌ನಿಂದ ಸರಿದು ಹಿಂಬದಿಯ ಹಲ್ಲಿಗೆ ಒರಗಿದರೆ, ಆ ಹಲ್ಲುಗಳು ಹಲಗೆಯನ್ನು ಎತ್ತಿ ನಿಂತವರ ಕಡೆಗೇ ಎಸೆಯುತ್ತವೆ. ಹಲಗೆ ಹೊಟ್ಟೆಗೆ ಬಡಿಯುವುದು ಒಂದು ಕಷ್ಟವಾದರೆ, ಅದನ್ನು ಒತ್ತಿ ಹಿಡಿದಿದ್ದ ಕೈ ಆಧಾರ ತಪ್ಪಿ ಬ್ಲೇಡಿನ ಮೇಲೆ ಬೀಳುವುದು ಅದಕ್ಕಿಂತ ದೊಡ್ಡ ಕಷ್ಟ. ನಿಮಿಷಕ್ಕೆ 4,000 ಸುತ್ತು ತಿರುಗುವ 10 ಅಂಗುಲದ ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಪಾಯವನ್ನು ಕಂಡು ಕೈ ಹಿಂದೆಗೆಯಲು ಸೆಕೆಂಡಿನ ಐದನೆಯ ಒಂದು ಭಾಗ ಸಾಕೆಂದುಕೊಂಡರೂ ಅಷ್ಟರಲ್ಲಿ ಬ್ಲೇಡ್ 13 ಸುತ್ತು ತಿರುಗಿ, 40 ಹಲ್ಲಿನ ಬ್ಲೇಡಾದರೆ ಐನೂರಕ್ಕೂ ಹೆಚ್ಚು ಹಲ್ಲುಗಳು ಅದೇ ಜಾಗವನ್ನು ದಾಟಿರುತ್ತವೆ. ‘ನಾನು ಜಾಗ್ರತೆಯಿಂದ ಇರುತ್ತೇನೆ’ ಎಂಬ ಮಾತಿಗೆ ಈ ಲೆಕ್ಕದ ಮುಂದೆ ಬೆಲೆಯಿಲ್ಲ.

ಮೊದಲನೆಯದು ಯಂತ್ರದ ಜೊತೆಗೇ ಬರುವ ಗಾರ್ಡ್. ಬ್ಲೇಡಿನ ಹಿಂದೆ ನಿಂತ ಎತ್ತರದ ಲೋಹದ ತಗಡಿಗೆ ಪಾರದರ್ಶಕ ಮುಚ್ಚಳವೂ, ಹಲಗೆ ಹಿಂದಕ್ಕೆ ಜಾರದಂತೆ ತಡೆಯುವ ಚೂಪು ಹಲ್ಲುಗಳೂ ಜೋಡಿಸಿರುತ್ತವೆ. ಪ್ಲೈವುಡ್ ಹಾಳೆಗಳನ್ನು ಪೂರ್ತಿ ದಪ್ಪಕ್ಕೆ ಸೀಳುವ ತನಕ ಇದರ ಮೇಲೆ ನನಗೆ ದೂರಿಲ್ಲ. ಎರಡೂ ಬಗೆಯ ಅಪಾಯಕ್ಕೆ ಇದರಲ್ಲಿ ಉತ್ತರವಿದೆ. ತೊಂದರೆ ಬರುವುದು ಕಪಾಟಿನ ಹಿಂಬದಿಯ ಹಲಗೆ ಕೂರಿಸಲು ಗ್ರೂವ್ (ಮರದ ಪೂರ್ತಿ ದಪ್ಪಕ್ಕೆ ಇಳಿಯದ ಉದ್ದದ ತೋಡು) ತೆಗೆಯುವಾಗ. ಅಲ್ಲಿ ಬ್ಲೇಡ್ ಮರದ ಮೇಲೆ ಕಾಣಿಸಿಕೊಳ್ಳದೆ ಒಳಗೇ ಓಡಬೇಕು, ಆದರೆ ಗಾರ್ಡನ್ನು ಹೊತ್ತ ತಗಡು ಬ್ಲೇಡಿಗಿಂತ ಎತ್ತರವಾದ್ದರಿಂದ ಮರ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಇಡೀ ಜೋಡಣೆಯನ್ನು ಕಳಚದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಗ್ರೂವ್ ಇಲ್ಲದ ಕಪಾಟಿನ ಕೆಲಸ ಅಪರೂಪ, ಹಾಗಾಗಿ ಈ ಗಾರ್ಡ್ ಹಾಕಿದ ಕಾಲದಲ್ಲಿ ಅದು ಯಂತ್ರದ ಮೇಲಿದ್ದುದಕ್ಕಿಂತ ಗೋಡೆಯ ಮೇಲಿದ್ದುದೇ ಹೆಚ್ಚು. ಹಿರಿಯ ಆಚಾರಿಯೊಬ್ಬರು “ಇದು ಇದ್ದರೆ ಗೆರೆಯೇ ಕಾಣುವುದಿಲ್ಲ ಮಾರಾಯ್ರೇ” ಎಂದು ಹೇಳುತ್ತಿದ್ದರು. ಹುಡಿ ಅಂಟಿ ಮಸುಕಾದ ಮುಚ್ಚಳದ ವಿಷಯದಲ್ಲಿ ಅವರ ಮಾತು ಸರಿ. ಆದರೆ ಫೆನ್ಸ್‌ಗೆ ಒರಗಿಸಿ ಸೀಳುವಾಗ ಅಳತೆ ಫೆನ್ಸ್‌ನಲ್ಲಿಯೇ ನಿಂತಿರುವುದರಿಂದ ಬ್ಲೇಡಿನ ಬಳಿ ಗೆರೆ ನೋಡುವ ಅಗತ್ಯವೇ ಇಲ್ಲ. ಕಣ್ಣು ಇರಬೇಕಾದದ್ದು ಹಲಗೆ ಫೆನ್ಸ್‌ಗೆ ಅಂಟಿಕೊಂಡಿದೆಯೇ ಎಂಬುದರ ಮೇಲೆ.

2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೆಯ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಯಾದ ರಕ್ಷಣೆ ಇರಬೇಕೆಂದು ಹೇಳಿ ಸುಮ್ಮನಾಗಲಿಲ್ಲ; ಯಂತ್ರ ಚಲಿಸುತ್ತಿರುವಷ್ಟು ಹೊತ್ತೂ ಆ ರಕ್ಷಣೆ ತನ್ನ ಸ್ಥಾನದಲ್ಲಿಯೇ ಇರಬೇಕೆಂದೂ ಹೇಳಿತು. ಆದರೆ ವಿದ್ಯುತ್ ಬಳಸುವಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆಯ ಕಣ್ಣಿಗೆ ಅದು ಕಾರ್ಖಾನೆಯಾಗಿತ್ತು. ಮೂರು ನಾಲ್ಕು ಜನರ ನಮ್ಮಂಥ ಶೆಡ್ಡುಗಳಲ್ಲಿ ಆ ಹೊಣೆ ಪೂರ್ತಿಯಾಗಿ ಮಾಲಕರ ಮನಸ್ಸಿಗೆ ಬಿಟ್ಟದ್ದಾಯಿತು.

ಎರಡನೆಯದು ರೈವಿಂಗ್ ನೈಫ್, ಮತ್ತು ಮೂರರಲ್ಲಿ ನನ್ನ ಮೆಚ್ಚುಗೆ ಇದಕ್ಕೇ ಹೆಚ್ಚು. ಬ್ಲೇಡಿನ ಹಿಂಬದಿಯ ಬಾಗಿಗೆ ಸರಿಯಾಗಿ ಬಾಗಿದ ಒಂದು ತಗಡು ಇದು. ಬ್ಲೇಡಿನ ಜೊತೆಗೇ ಏರುತ್ತದೆ, ಇಳಿಯುತ್ತದೆ, ಓರೆ ಮಾಡಿದರೆ ಜೊತೆಗೇ ಓರೆಯಾಗುತ್ತದೆ, ಬ್ಲೇಡಿನ ನೆತ್ತಿಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಎತ್ತರ ಕಡಿಮೆ ಇರುವುದರಿಂದ ಗ್ರೂವ್ ತೆಗೆಯುವಾಗಲೂ ಇದನ್ನು ಕಳಚಬೇಕಾಗಿಲ್ಲ. ಹಿಂದೆ ಉದ್ದದ ಗರಗಸದಿಂದ ತೊಲೆ ಸೀಳುತ್ತಿದ್ದವರು ಸೀಳು ಮುಚ್ಚಿಕೊಳ್ಳದಂತೆ ಬೆಣೆ ಇಡುತ್ತಿದ್ದ ಹಾಗೆಯೇ ಇದೂ ಕೆಲಸ ಮಾಡುತ್ತದೆ, ಆದರೆ ಬೆಣೆಯಂತೆ ಪ್ರತಿಸಲ ನೆನಪಿಟ್ಟು ಹೊಡೆಯಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಪೂರ್ತಿ ಒಣಗದ ಹಲಸಿನ ಹಲಗೆಯನ್ನು ಸೀಳಿದಾಗ ಒಳಗಿನ ಬಿಗಿತ ಬಿಡುಗಡೆಯಾಗಿ ಎರಡು ಭಾಗಗಳು ಬ್ಲೇಡಿನ ಹಿಂದೆ ಒಂದನ್ನೊಂದು ಅಪ್ಪಲು ಬರುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ನೈಫ್ ಇದ್ದಾಗ ಅವು ನೈಫನ್ನು ಹಿಸುಕಿ ನಿಲ್ಲುತ್ತವೆ, ಮರ ತಳ್ಳುವುದು ಭಾರವಾಗುತ್ತದೆ, ಅಷ್ಟೇ. ಆಗ ಯಂತ್ರ ನಿಲ್ಲಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆ, ಸೀಳಿನಲ್ಲಿ ಬೆಣೆ ಇಟ್ಟು ಮುಂದುವರಿಯಲು ಸಮಯವಿರುತ್ತದೆ.

ಇದರ ಯಶಸ್ಸು ದಪ್ಪದ ಲೆಕ್ಕದಲ್ಲಿದೆ. ನೈಫ್ ಬ್ಲೇಡಿನ ಒಡಲಿಗಿಂತ ದಪ್ಪವಾಗಿಯೂ, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳುವಾಗಿಯೂ ಇರಬೇಕು. ಹಲ್ಲಿನ ಅಗಲ 3.2 ಮಿ.ಮೀ., ಒಡಲು 2.2 ಮಿ.ಮೀ. ಇದ್ದರೆ 2.5 ಅಥವಾ 2.8 ಮಿ.ಮೀ. ನೈಫ್ ಸರಿಹೊಂದುತ್ತದೆ. ಅದೇ ಯಂತ್ರಕ್ಕೆ ಯಾರಾದರೂ ಬೆಲೆ ಕಡಿಮೆಯೆಂದು 2 ಮಿ.ಮೀ. ಅಗಲದ ತೆಳು ಬ್ಲೇಡ್ ತಂದು ಹಾಕಿದರೆ, ಮರ ನೈಫಿಗೆ ತಾಗಿ ಅಲ್ಲಿಯೇ ನಿಂತುಬಿಡುತ್ತದೆ, ಮತ್ತು ತಪ್ಪು ನೈಫಿನದೆಂದು ತಿಳಿದು ಅದನ್ನು ಕಿತ್ತು ಬಿಸಾಡುವವರಿದ್ದಾರೆ. ಬ್ಲೇಡ್ ಕೊಳ್ಳುವಾಗ ಅದರ ಮೇಲೆ ಅಚ್ಚು ಹಾಕಿದ ಎರಡೂ ಅಳತೆಗಳನ್ನು ಓದಿಯೇ ದುಡ್ಡು ಕೊಡಬೇಕು. ಮರದ ಮೇಜಿನ ಕೆಳಗೆ ಮೋಟಾರು ಕಟ್ಟಿ, ಬ್ಲೇಡ್ ಏರಿಳಿಯದಂತೆ ಮಾಡಿಸಿದ ಸ್ಥಳೀಯ ಯಂತ್ರಗಳಿಗೆ ರೈವಿಂಗ್ ನೈಫ್ ಸಿಗುವುದಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಬ್ಲೇಡ್ ಒಂದೇ ಎತ್ತರದಲ್ಲಿ ನಿಲ್ಲುವುದಾದರೆ, ಸರಿಯಾದ ದಪ್ಪದ ಉಕ್ಕಿನ ತಗಡನ್ನು ಅದರ ಹಿಂದೆ ಒಂದೇ ರೇಖೆಯಲ್ಲಿ ಬೋಲ್ಟ್ ಹಾಕಿ ಬಿಗಿದರೆ ಅದೇ ಕೆಲಸ ಆಗುತ್ತದೆ. ರೈವಿಂಗ್ ನೈಫಿನ ಕೊರತೆಯನ್ನೂ ಹೇಳಲೇಬೇಕು: ಬ್ಲೇಡಿನ ಮುಂಭಾಗಕ್ಕೆ ಬರುವ ಕೈಯನ್ನು ಅದು ಸ್ವಲ್ಪವೂ ತಡೆಯುವುದಿಲ್ಲ.

ಆ ಕೊರತೆಯನ್ನು ತುಂಬುವುದು ಮೂರನೆಯದು, ಮೇಲಿನಿಂದ ತೋಳಿನ ಮೇಲೆ ಇಳಿಬಿಟ್ಟ ಗಾರ್ಡ್. ನಾವು ಇದನ್ನು ಕಬ್ಬಿಣದ ಚೌಕ ಪೈಪು ಬೆಸೆದು ಮೇಜಿನ ಬದಿಯಿಂದ ಎತ್ತಿ ನಿಲ್ಲಿಸಿ, ಕೆಳಗೆ ಪಾಲಿಕಾರ್ಬೊನೇಟ್ ಪೆಟ್ಟಿಗೆ ಕೂರಿಸಿ ಮಾಡಿಸಿದೆವು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆಕ್ರಿಲಿಕ್ ಬೇಡ; ಪೆಟ್ಟು ಬಿದ್ದರೆ ಅದು ಒಡೆದು ಚೂರಾಗುತ್ತದೆ, ಪಾಲಿಕಾರ್ಬೊನೇಟ್ ತಡೆದುಕೊಳ್ಳುತ್ತದೆ. ಹಳೆಯ ಹಂಚಿನ ಮನೆ ಕಿತ್ತಾಗ ಬಂದ ಪಕ್ಕಾಸು ಮತ್ತು ರೀಪುಗಳನ್ನು ಮತ್ತೆ ಬಳಸುವ ಕೆಲಸ ನಮ್ಮಲ್ಲಿ ಬಹಳ, ಮತ್ತು ಎಷ್ಟು ಹುಡುಕಿ ತೆಗೆದರೂ ಒಳಗೆ ತುಂಡಾದ ಮೊಳೆ ಉಳಿದಿರುವ ಸಾಧ್ಯತೆ ಇದ್ದೇ ಇರುತ್ತದೆ. ಅಂಥ ಮೊಳೆಗೆ ಬ್ಲೇಡ್ ತಾಗಿದಾಗ ಮುಖದ ಕಡೆಗೆ ಹಾರುವ ಚೂರನ್ನು ಈ ಪೆಟ್ಟಿಗೆ ತಡೆಯುತ್ತದೆ. ಹುಡಿ ಎಳೆಯುವ ಪೈಪನ್ನೂ ಇದಕ್ಕೆ ಜೋಡಿಸಬಹುದಾದ್ದರಿಂದ ಪ್ಲಾಸ್ಟಿಕ್ ಮಸುಕಾಗುವ ದೂರು ಬಹುಪಾಲು ಹೋಯಿತು. ಗ್ರೂವ್ ಕೆಲಸಕ್ಕೂ ಇದು ಅಡ್ಡಿಯಲ್ಲ. ಆದರೆ ಸಣ್ಣ ಬೀಡಿಂಗ್ ಪಟ್ಟಿಗಳನ್ನು ಸೀಳುವಾಗ ಫೆನ್ಸ್ ಮತ್ತು ಬ್ಲೇಡಿನ ನಡುವಿನ ಇಕ್ಕಟ್ಟಿನಲ್ಲಿ ಪೆಟ್ಟಿಗೆ ಕೂರುವುದಿಲ್ಲ, ತೋಳನ್ನು ಬದಿಗೆ ಸರಿಸಬೇಕಾಗುತ್ತದೆ. ಸರಿಸಿದ ತೋಳು ಕಣ್ಣೆದುರೇ ಇರುವುದರಿಂದ ಮರಳಿ ಎಳೆದುಕೊಳ್ಳುವುದು ಒಂದೇ ಕ್ಷಣದ ಕೆಲಸ, ಆದ್ದರಿಂದ ಗೋಡೆಗೆ ಹೋಗಿ ಸೇರುವ ಮೊದಲ ಗಾರ್ಡಿನ ಗತಿ ಇದಕ್ಕೆ ಬರಲಿಲ್ಲ. ಆದರೂ ಇದೊಂದೇ ಇದ್ದು ನೈಫ್ ಇಲ್ಲದ ಯಂತ್ರದಲ್ಲಿ ನಾನು ಮರ ಸೀಳುವುದಿಲ್ಲ. ಕಿಕ್‌ಬ್ಯಾಕ್ ತಡೆಯುವ ಶಕ್ತಿ ಇದಕ್ಕಿಲ್ಲ. ಒಂದಕ್ಕೇ ದುಡ್ಡಿದೆ ಎನ್ನುವವರಿಗೆ ಮೊದಲು ನೈಫ್, ದುಡ್ಡು ಕೂಡಿದ ಮೇಲೆ ಮೇಲಿನ ಗಾರ್ಡ್ ಎಂದು ಹೇಳುತ್ತೇನೆ.

ಅಮೆರಿಕದ ಸ್ಟೀಫನ್ ಗ್ಯಾಸ್ ರೂಪಿಸಿದ ಸಾಸ್ಟಾಪ್ ಯಂತ್ರ ಬೆರಳು ತಾಗಿದ ತಕ್ಷಣ, ಸುಮಾರು ಐದು ಮಿಲಿಸೆಕೆಂಡಿನೊಳಗೆ, ಅಲ್ಯೂಮಿನಿಯಂ ತುಂಡನ್ನು ಬ್ಲೇಡಿಗೆ ನುಗ್ಗಿಸಿ ಅದನ್ನು ನಿಲ್ಲಿಸುತ್ತದೆ. ಅದನ್ನು ಸ್ವತಃ ಬಳಸಿಲ್ಲವಾದ್ದರಿಂದ ಹೋಲಿಕೆಗೆ ಸೇರಿಸಿಲ್ಲ. ಚರ್ಮದ ವಿದ್ಯುತ್ ವಾಹಕತೆಯನ್ನು ಗುರುತಿಸಿ ಕೆಲಸ ಮಾಡುವ ಆ ವ್ಯವಸ್ಥೆ ತೀರ ಒದ್ದೆ ಮರಕ್ಕೂ ಎಚ್ಚರಗೊಳ್ಳಬಹುದು ಎಂಬುದನ್ನು ನಮ್ಮ ಜೂನ್, ಜುಲೈ ತಿಂಗಳ ಹವೆಯಲ್ಲಿ ಮರೆಯುವಂತಿಲ್ಲ. ಆ ಯಂತ್ರಕ್ಕೂ ರೈವಿಂಗ್ ನೈಫ್ ಬೇಕೇ ಬೇಕು.

ಯಾವ ಗಾರ್ಡ್ ಇದ್ದರೂ ಕೊನೆಯ ಗೇಣುದ್ದ ಮರವನ್ನು ಕೈಯಿಂದ ತಳ್ಳಬಾರದು. ಉಳಿದ ಪ್ಲೈವುಡ್ಡಿನಿಂದ, ಮರ ತಳ್ಳುವ ಕೋಲು ಅಂದರೆ ಪುಶ್ ಸ್ಟಿಕ್ ಮಾಡಿಕೊಳ್ಳಲು ಖರ್ಚಿಲ್ಲ. ಹಿಂದೆ ನಿಂತು ಮರ ಹಿಡಿಯುವ ಹುಡುಗನಿಗೆ ‘ಎಳೆಯಬೇಡ, ಆಧಾರ ಮಾತ್ರ ಕೊಡು’ ಎಂದು ಮೊದಲ ದಿನವೇ ಕಲಿಸಬೇಕು, ಏಕೆಂದರೆ ಅವನು ಓರೆಯಾಗಿ ಎಳೆದರೆ ಹಲಗೆ ಫೆನ್ಸ್ ಬಿಟ್ಟು ಬ್ಲೇಡಿಗೆ ಒರಗುತ್ತದೆ. ಹೆಗಲ ಮೇಲಿನ ಬೈರಾಸು ಮತ್ತು ಕೈಗವಸು ಎರಡೂ ಈ ಯಂತ್ರದ ಬಳಿ ಬೇಡ. ತಿರುಗುವ ಬ್ಲೇಡ್ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಮನೆಗಳಿಗೆ ಹೋಗಿ ಮಾಡುವ ಕೆಲಸದಲ್ಲಿ ಟೇಬಲ್ ಸಾ ಇರುವುದಿಲ್ಲ. ಅಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮರದ ಬ್ಲೇಡ್ ಹಾಕಿದ ಮಾರ್ಬಲ್ ಕಟ್ಟರ್. ಅದಕ್ಕೆ ಎದುರಾಗಿ ನಾನು ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಬಳಸಿ ನೋಡಿದ್ದೇನೆ. ಕಟ್ಟರ್ ಹಗುರ, ಬೆಲೆಯೂ ಕಡಿಮೆ, ಚಿಕ್ಕದಾದ್ದರಿಂದ ಅಪಾಯವೂ ಚಿಕ್ಕದೆಂಬ ಭಾವನೆ ಬರುತ್ತದೆ. ಲೆಕ್ಕ ಬೇರೆ ಹೇಳುತ್ತದೆ: 110 ಮಿ.ಮೀ. ಬ್ಲೇಡ್ ನಿಮಿಷಕ್ಕೆ 13,000ದ ಆಸುಪಾಸು ತಿರುಗುವಾಗ ಅಂಚಿನ ವೇಗ ಸೆಕೆಂಡಿಗೆ 75 ಮೀಟರ್, 185 ಮಿ.ಮೀ. ಬ್ಲೇಡಿನ ಸರ್ಕ್ಯುಲರ್ ಸಾ 5,500ರ ಆಸುಪಾಸು ತಿರುಗಿ 53 ಮೀಟರಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕಟ್ಟರಿಗೆ ಮೇಲಿನ ಮುಚ್ಚಳ ಮಾತ್ರವಿದೆ, ಕೆಳಗಿನ ಬ್ಲೇಡ್ ಬರಿದಾಗಿಯೇ ಇರುತ್ತದೆ. ಕೊಯ್ದು ಮುಗಿಸಿ ಎತ್ತಿದಾಗ, ಇನ್ನೂ ತಿರುಗುತ್ತಿರುವ ಬ್ಲೇಡ್ ತೊಡೆಯ ಪಕ್ಕ ಬರುತ್ತದೆ. ಸರ್ಕ್ಯುಲರ್ ಸಾದ ಕೆಳಗಿನ ಗಾರ್ಡ್ ಮರ ತಾಗಿದಾಗ ತಾನೇ ಹಿಂದೆ ಸರಿದು, ಮರ ಬಿಟ್ಟೊಡನೆ ಸ್ಪ್ರಿಂಗ್‌ನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಯಾರ ನೆನಪಿಗೂ ಮನಸ್ಸಿಗೂ ಅದು ಕಾಯುವುದಿಲ್ಲ, ಆದ್ದರಿಂದಲೇ ನಾನು ನೋಡಿದ ಗಾರ್ಡ್‌ಗಳಲ್ಲೆಲ್ಲ ಅದು ಅತ್ಯುತ್ತಮ. ಅಂಟು ಮತ್ತು ಹುಡಿ ಸೇರಿ ಅದು ಅರ್ಧದಲ್ಲಿ ನಿಲ್ಲದಂತೆ ಪ್ಲಗ್ ತೆಗೆದು ಆಗಾಗ ಶುಚಿ ಮಾಡಬೇಕು, ತೆರೆದೇ ಇರಲೆಂದು ಬೆಣೆ ಸಿಕ್ಕಿಸುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು.

4 ಅಂಗುಲದ ಗ್ರೈಂಡರಿನ ಗಾರ್ಡ್ ಕಳಚಿ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದನ್ನು ನಾನು ಪರೀಕ್ಷಿಸಿಲ್ಲ, ಪರೀಕ್ಷಿಸುವುದೂ ಇಲ್ಲ. ಮರದ ಮೇಲೆ ಕೂರಲು ತಳದ ಪಟ್ಟಿಯಿಲ್ಲದ, ಸ್ವಿಚ್ ಒತ್ತಿದಲ್ಲೇ ಸಿಕ್ಕಿಕೊಂಡು ನಿಲ್ಲುವ ಆ ಯಂತ್ರದಲ್ಲಿ ಹಲ್ಲು ಮರಕ್ಕೆ ಸಿಕ್ಕಿ ನೆಗೆದರೆ ತಡೆಯುವುದು ಏನೂ ಇಲ್ಲ.

ಕೊನೆಗೆ, ಗಾರ್ಡ್ ಅಲ್ಲದಿದ್ದರೂ ಅದರ ಜೊತೆಗೇ ಕೊಳ್ಳಬೇಕಾದ ಒಂದು ವಸ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮ್ಮಲ್ಲಿ ದಿನನಿತ್ಯದ ಮಾತು. ಸಾಧಾರಣ ಸ್ವಿಚ್ಚಿನ ಯಂತ್ರದಲ್ಲಿ ಕರೆಂಟು ಹೋದಾಗ ಅರ್ಧ ಸೀಳಿದ ಹಲಗೆ ಬ್ಲೇಡಿನಲ್ಲೇ ಉಳಿದು, ಅದನ್ನು ಬಿಡಿಸಲು ಕೈ ಹಾಕಿದ ಹೊತ್ತಿಗೆ ಕರೆಂಟು ಮರಳಬಹುದು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್‌ನಲ್ಲಿ ಇರುವಂತೆ, ಕರೆಂಟು ಹೋದೊಡನೆ ಬಿಟ್ಟುಕೊಂಡು, ಮತ್ತೆ ಹಸಿರು ಗುಂಡಿ ಒತ್ತುವ ತನಕ ಯಂತ್ರವನ್ನು ಚಾಲೂ ಮಾಡದ ಸ್ವಿಚ್ ಟೇಬಲ್ ಸಾ ಯಂತ್ರಕ್ಕೂ ಸಿಗುತ್ತದೆ. ನಾವು ಹಾಕಿಸಿದ್ದರಲ್ಲಿ ನಿಲ್ಲಿಸುವ ಗುಂಡಿಯ ಮೇಲೆ ಅಗಲವಾದ ಕೆಂಪು ಹಲಗೆ ಇದ್ದು, ಅದನ್ನು ಮೊಣಕಾಲಿನ ಎತ್ತರದಲ್ಲಿ ಬಿಗಿಯಲಾಗಿದೆ; ಮರ ಸಿಕ್ಕಿಕೊಂಡಾಗ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡೇ ಮೊಣಕಾಲಿನಿಂದ ಯಂತ್ರ ನಿಲ್ಲಿಸಬಹುದು.