ಬ್ಯಾಂಕಾಕ್‌ನಿಂದ ಕ್ವಾಲಾಲಂಪುರಕ್ಕೆ: ಎರಡು ಗಂಟೆಯ ವಿಮಾನ, ಇಡೀ ದಿನದ ಪ್ರಯಾಣ

ನಮ್ಮ ದಾವಣಗೆರೆಯ ಕಡೆಯಿಂದ ಹೊರಡುವ ಕುಟುಂಬಗಳು ಬ್ಯಾಂಕಾಕ್ ಮತ್ತು ಕ್ವಾಲಾಲಂಪುರಗಳನ್ನು ಒಂದೇ ಪ್ರವಾಸದಲ್ಲಿ ಸೇರಿಸಿಕೊಂಡಾಗ, ಎರಡರ ನಡುವಿನ ವಿಮಾನದ ದಿನವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾರಾಟವೇನೋ ವಂದೇ ಭಾರತ್ ರೈಲಿನಲ್ಲಿ ಬೆಂಗಳೂರಿಗೆ ಹೋಗುವಷ್ಟು ಹೊತ್ತೂ ಹಿಡಿಯುವುದಿಲ್ಲ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ ಮಲೇಷ್ಯಾದ ಸಮಯ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದಿರುವುದರಿಂದಲೂ, ಎರಡೂ ಕಡೆ ವಲಸೆ ತಪಾಸಣೆಯ ಸಾಲು ಇರುವುದರಿಂದಲೂ, ಬೆಳಗಿನ ತಿಂಡಿ ಮುಗಿಸಿ ಹೋಟೆಲ್ ಬಿಟ್ಟವರು ಮುಂದಿನ ಹೋಟೆಲ್ ಸೇರುವುದು ಸಂಜೆಗೇ.

ಟಿಕೆಟ್ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ನಿಲ್ದಾಣದ ಹೆಸರು. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ: 2006ರಲ್ಲಿ ಆರಂಭವಾದ ಸುವರ್ಣಭೂಮಿ ಮತ್ತು 1914ರಷ್ಟು ಹಳೆಯದಾದ ಡಾನ್ ಮುಯಾಂಗ್. ಕಡಿಮೆ ದರದ ವಿಮಾನಗಳಲ್ಲಿ ಹೆಚ್ಚಿನವು ಹೊರಡುವುದು ಡಾನ್ ಮುಯಾಂಗ್‌ನಿಂದ. ನಾವೂ ಅಲ್ಲಿಂದಲೇ ಹೊರಟೆವು. 2021ರಲ್ಲಿ ಶುರುವಾದ ರೆಡ್ ಲೈನ್ ರೈಲು ನಗರದ ವಾಹನ ದಟ್ಟಣೆಯ ಮೇಲಿನಿಂದಲೇ ಸಾಗಿ ನಿಲ್ದಾಣದ ಪಕ್ಕಕ್ಕೆ ತಂದಿಳಿಸುತ್ತದೆ. ಸ್ವಚ್ಛತೆ, ಸಮಯಪಾಲನೆ ಎರಡರಲ್ಲೂ ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ವಿಮಾನ ಸಂಸ್ಥೆಯ ಬಗ್ಗೆ ಅಂಥ ಮಾತು ಹೇಳಲಾರೆ. ಕ್ಯಾಬಿನ್ ಬ್ಯಾಗಿನ ಮಿತಿ 7 ಕೆಜಿ ಎಂಬುದು ಟಿಕೆಟ್‌ನಲ್ಲಿ ಇತ್ತು, ಅದು ನ್ಯಾಯವೇ. ಆದರೆ ಕೌಂಟರ್‌ನಲ್ಲಿ ಒಪ್ಪಿದ ಬ್ಯಾಗುಗಳನ್ನೇ ಗೇಟಿನ ಬಳಿ ಮತ್ತೆ ತೂಗಿ, ವಯಸ್ಸಾದವರನ್ನು ಪಕ್ಕಕ್ಕೆ ನಿಲ್ಲಿಸಿ ಹೆಚ್ಚುವರಿ ಹಣ ಕೇಳಿದ ರೀತಿ ನನಗೆ ಸರಿಕಾಣಲಿಲ್ಲ. ಅಗ್ಗದ ಟಿಕೆಟ್‌ನ ಜೊತೆಗೇ ಸಾಮಾನಿನ ತೂಕವನ್ನೂ ಕೊಂಡುಬಿಡುವುದು ಲೇಸು. ಉಪ್ಪಿನಕಾಯಿ, ಗೊಜ್ಜುಗಳಿಗೆ ಕ್ಯಾಬಿನ್ನಿನಲ್ಲಿ 100 ಮಿ.ಲೀ. ನಿಯಮ ಅನ್ವಯಿಸುತ್ತದೆ. ಸಸ್ಯಾಹಾರದ ಊಟ ಬೇಕಿದ್ದರೆ ಮೊದಲೇ ಕಾಯ್ದಿರಿಸಬೇಕು.

ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ನೀಡಿದೆ. ಆದರೂ ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಲೇಬೇಕು. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಇಡೀ ದಿನದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹಿಡಿಸಿದ ಸೇವೆಯೆಂದರೆ ಕೆಎಲ್‌ಐಎ (ಕ್ವಾಲಾಲಂಪುರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ) ಎಕ್ಸ್‌ಪ್ರೆಸ್ ರೈಲು. ವಿಮಾನ ನಿಲ್ದಾಣವಿರುವ ಸೆಪಾಂಗ್, ಕ್ವಾಲಾಲಂಪುರ ನಗರದಿಂದ ಐವತ್ತು ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದರೂ, ಟರ್ಮಿನಲ್ 2ರಿಂದ ನಗರದ ಮುಖ್ಯ ರೈಲು ನಿಲ್ದಾಣವಾದ ಕೆಎಲ್ ಸೆಂಟ್ರಲ್‌ಗೆ ಅದು 33 ನಿಮಿಷಗಳಲ್ಲಿ ತಲುಪಿಸುತ್ತದೆ. 55 ರಿಂಗಿಟ್ ದರ ಕುಟುಂಬಕ್ಕೆ ಭಾರವೆನಿಸಿದರೆ ಬಸ್ಸುಗಳಿವೆ, ಸಮಯ ಮಾತ್ರ ಹೆಚ್ಚು ಬೇಕು. ನಾವು ರೈಲಿಗೆ ಕೊಟ್ಟ ಹಣ ಸಾರ್ಥಕವಾಯಿತು, ಏಕೆಂದರೆ ಇಳಿದ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರುವ, ಭಾರತೀಯ ಮೂಲದವರ ಬಡಾವಣೆಯಾದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆಯ ಮೇಲೆ ಅನ್ನ, ಸಾರು, ಪಲ್ಯ ಸಿಕ್ಕಾಗ ಮನೆಯವರೆಲ್ಲರ ದಣಿವು ಇಳಿಯಿತು.

ಹಿರಿಯರನ್ನು ಕರೆದೊಯ್ಯುವವರು ಒಂದು ವಿಷಯವನ್ನು ಗಮನಿಸಬೇಕು. ಟರ್ಮಿನಲ್ 2 ಬಹಳ ವಿಸ್ತಾರವಾದದ್ದು; ಅಲ್ಲಿನ ಮೇಲ್ಸೇತುವೆಯ ಕೆಳಗೆ ವಿಮಾನಗಳೇ ಹಾದುಹೋಗುತ್ತವೆ. ನೋಟ ಸೊಗಸಾಗಿದೆ, ಆದರೆ ಮಂಡಿನೋವಿರುವವರಿಗೆ ಅಷ್ಟು ದೂರದ ನಡಿಗೆ ಕಷ್ಟ. ಆದ್ದರಿಂದ ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ, ಅದು ದಾಖಲಾಗಿದೆಯೇ ಎಂದು ಏಜೆಂಟರಿಂದ ಖಚಿತಪಡಿಸಿಕೊಳ್ಳಿ.