ಹಳೇ ರೋಡ್ ಬೈಕಿಗೆ ಒಂದೇ ಗೇರು: ಫ್ರೇಮು ಒಂದು, ಹಿಂದಿನ ಚಕ್ರ ಮೂರು

ಗೇರ್ ಸೈಕಲ್ಲನ್ನು ಒಂದೇ ಗೇರಿಗೆ ಇಳಿಸುವಾಗ, ಹಳೇ ಸ್ಟೀಲ್ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳು ಅಡ್ಡಕ್ಕಿದ್ದರೆ ಅರ್ಧ ಕೆಲಸ ಆದಂತೆಯೇ. ಗೇರ್ ಬದಲಿಸುತ್ತಾ ಚೈನನ್ನು ಬಿಗಿಯಾಗಿಡುವ ಡಿರೇಲರ್ ತೆಗೆದಮೇಲೆ ಚೈನು ಬಿಗಿ ಮಾಡಲು ಚಕ್ರವನ್ನೇ ಹಿಂದಕ್ಕೆ ಜರುಗಿಸಬೇಕಲ್ಲ. ಈಗಿನ ಫ್ರೇಮುಗಳಲ್ಲಿ ಸೀಳು ಲಂಬವಾಗಿರುತ್ತೆ, ಚೈನು ಬಿಗಿಯುವ ಟೆನ್ಷನರ್ ನೇತುಹಾಕದೆ ಗತಿಯಿಲ್ಲ. ನನ್ನದು ಆರು ಗೇರಿನ ಕಾಲದ್ದು: ಹಿಂದಿನ ಚಕ್ರ ಕೂರುವ ಜಾಗ 126 ಮಿ.ಮೀ. ಅಗಲ, 27 ಇಂಚಿನ ಚಕ್ರ. ಮುಂದೆ 42 ಹಲ್ಲಿನ ಒಳರಿಂಗನ್ನೇ ಉಳಿಸಿಕೊಂಡು, ಹಿಂದೆ ಮೂರು ಬಗೆಯ ಚಕ್ರ ಹಾಕಿ ಮೈಸೂರಲ್ಲಿ ಓಡಿಸಿ ನೋಡಿದೆ.

ಮೊದಲನೆಯದು, ಇದ್ದ ಹಬ್ಬಿಗೇ (ಚಕ್ರದ ನಡುಭಾಗಕ್ಕೇ) ಸಾದಾ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್, ಅಂದರೆ ತುಳಿಯೋದು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಹಲ್ಲುಚಕ್ರ. ತಿರುಪಿನ ಮರೆ (ಥ್ರೆಡ್) ಒಂದೇ ಆದ್ದರಿಂದ ಸಲೀಸಾಗಿ ಕೂರುತ್ತೆ, ಬೆಲೆ ಕೆಲವೇ ನೂರು ರೂಪಾಯಿ. ಆದರೆ ಹಲ್ಲು ದಪ್ಪ, ಗೇರಿನ ಸಪೂರ ಚೈನು ಅದರ ಮೇಲೆ ಇಳಿಯಲ್ಲ. ಸಾದಾ ಸೈಕಲ್ ಚೈನೇ ಬೇಕು. ಅಗ್ರಹಾರದ ಶಾಪಿನವರು “ಗೇರ್ ಇರೋದನ್ನ ಯಾಕೆ ಸಾರ್ ಸಾದಾ ಮಾಡ್ತೀರ?” ಅಂತ ಕೇಳುತ್ತಲೇ ಹಳೇ ಫ್ರೀವೀಲನ್ನು ವೈಸಿಗೆ ಕಚ್ಚಿಸಿ ಬಿಚ್ಚಿಕೊಟ್ಟರು. ನಿಜವಾದ ಕೆಲಸ ಶುರುವಾಗೋದು ಆಮೇಲೆ. ಆಕ್ಸಲ್ಲಿನ ಬಲಗಡೆ ಇರುವ ಸ್ಪೇಸರುಗಳನ್ನು (ಅಂತರ ಕೊಡುವ ಬಳೆಗಳನ್ನು) ಎಡಕ್ಕೆ ಹಾಕಿದರೆ ಹಬ್ಬು ಬಲಕ್ಕೆ ಸರಿದು ಚೈನು ನೇರವಾಗುತ್ತೆ, ಜೊತೆಗೆ ರಿಮ್ಮೂ ಬಲಕ್ಕೆ ಹೋಗುತ್ತೆ. ಬಲಗಡೆಯ ಕಡ್ಡಿಗಳನ್ನು ಕಾಲು ಸುತ್ತು ಸಡಿಲಿಸಿ, ಎಡಗಡೆಯದನ್ನು ಅಷ್ಟೇ ಬಿಗಿ ಮಾಡುತ್ತಾ, ರಿಮ್ಮು ಎರಡು ಬ್ರೇಕ್ ಕಟ್ಟೆಗಳ ಮಧ್ಯಕ್ಕೆ ಬರೋತನಕ ತಾಳ್ಮೆಯಿಂದ ಕೂರಬೇಕು. ಇದಕ್ಕೊಂದು ಲಾಭವಿದೆ: ಎರಡೂ ಕಡೆಯ ಕಡ್ಡಿಗಳಿಗೆ ಹೆಚ್ಚುಕಡಿಮೆ ಸಮ ಬಿಗಿ ಸಿಕ್ಕಿ ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತೆ.

ಎರಡನೆಯದು ಸ್ನೇಹಿತನ ಕ್ಯಾಸೆಟ್ ಚಕ್ರ (ಹಲ್ಲುಚಕ್ರಗಳ ಗುಚ್ಛ ಹಬ್ಬಿನ ಮೇಲೆ ಜಾರಿ ಕೂರುವ ಬಗೆ), 130 ಮಿ.ಮೀ. ಫ್ರೇಮು ಸ್ಟೀಲ್ ಆದ್ದರಿಂದ ಕೈಯಲ್ಲೇ ಅಗಲಿಸಿ ಕೂರಿಸಬಹುದು. ಅಲ್ಯೂಮಿನಿಯಂ ಫ್ರೇಮಿಗೆ ಈ ಸಾಹಸ ಬೇಡ. ಸ್ಪೇಸರ್ ಆಚೀಚೆ ಮಾಡಿ ಚೈನನ್ನು ಕೂದಲೆಳೆಯಷ್ಟು ನೇರ ಮಾಡಬಹುದು, ಆ ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ಕ್ಯಾಸೆಟ್ಟಿನಿಂದ ಕಿತ್ತ ಹಲ್ಲುಚಕ್ರ ಹಾಕಬೇಡಿ. ಅದರ ಹಲ್ಲುಗಳ ಆಕಾರವೇ ಚೈನನ್ನು ಪಕ್ಕಕ್ಕೆ ದಾಟಿಸುವಂಥದ್ದು.

ಮೂರನೆಯದು ರೆಡಿಮೇಡ್ ಫ್ಲಿಪ್-ಫ್ಲಾಪ್, ಒಂದು ಕಡೆ ಫ್ರೀವೀಲ್, ಇನ್ನೊಂದು ಕಡೆ ಫಿಕ್ಸೆಡ್ (ಚಕ್ರ ತಿರುಗುವಷ್ಟೂ ಪೆಡಲೂ ತಿರುಗುವಂಥದ್ದು), ಎರಡೂ 16 ಹಲ್ಲು. 120 ಮಿ.ಮೀ. ಹಬ್ಬು, ಎರಡೂ ಬದಿಗೆ 3 ಮಿ.ಮೀ. ವಾಷರ್ ಸೇರಿಸಿದರೆ ಸಾಕು. ಅದು 27 ಇಂಚಿಗಿಂತ ತುಸು ಚಿಕ್ಕದಾದ 700ಸಿ ಅಳತೆಯ ರಿಮ್ಮಾದ್ದರಿಂದ ಬ್ರೇಕ್ ಕಟ್ಟೆ ಮಾತ್ರ 4 ಮಿ.ಮೀ. ಕೆಳಗಿಳಿಯಬೇಕು, ಎಲ್ಲ ಬ್ರೇಕಿಗೂ ಅಷ್ಟು ಉದ್ದದ ತೋಳಿರಲ್ಲ. ನೋಡೋಕೆ ಇದೇ ಚೆಂದ, ಖರ್ಚೂ ಇದಕ್ಕೇ ಜಾಸ್ತಿ.

ಓಟದಲ್ಲಿ? 42ಕ್ಕೆ 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಸುಮಾರು 5 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. 16 ಹಾಕಿದರೆ 26-27. ರಿಂಗ್ ರೋಡಿನಲ್ಲಿ 16 ಹಿತವೇ, ಆದರೆ ಪ್ರತಿ ಸಿಗ್ನಲ್ಲಲ್ಲೂ ಮಂಡಿ ಲೆಕ್ಕ ಕೇಳುತ್ತೆ. ಫಿಕ್ಸೆಡ್ ಬದಿಯಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಕಾಲು ನಿಲ್ಲಿಸುವ ಹಾಗೇ ಇಲ್ಲ, ತಿರುವಿನಲ್ಲಿ ವಾಲಿದರೆ ಪೆಡಲ್ ನೆಲಕ್ಕೆ ತಾಗುವ ಭಯ ಬೇರೆ. ಅದು ನನ್ನ ಪಾಲಿಗಲ್ಲ.

ನಾನು ಉಳಿಸಿಕೊಂಡದ್ದು ಹಳೇ ಹಬ್ಬು, 18 ಹಲ್ಲು. ಕಡ್ಡಿ ಬಿಗಿಯುವ ಸಹನೆ ಇಲ್ಲದವರು ಫ್ಲಿಪ್-ಫ್ಲಾಪಿಗೇ ದುಡ್ಡು ಹಾಕಲಿ. ಕ್ಯಾಸೆಟ್ ದಾರಿ, ಚಕ್ರ ಮನೆಯಲ್ಲೇ ಬಿದ್ದಿದ್ದರೆ ಮಾತ್ರ. ಯಾವುದೇ ಹಾಕಿ, ಅಡ್ಡ ಸೀಳಿಗೆ ಕೈಪಿಡಿ ತಿರುಗಿಸಿ ಬಿಗಿಯುವ ಕ್ವಿಕ್ ರಿಲೀಸ್‌ಗಿಂತ ನಟ್ಟು ವಾಸಿ: ಎದ್ದು ನಿಂತು ತುಳಿದಾಗ ಚಕ್ರ ಮುಂದಕ್ಕೆ ಜಾರಲ್ಲ.